ಕರ್ನಲ್ ಕೂರಿಸಿದ ಗೂಬೆ

ನಮ್ಮ ಚಿಂಚಲಿಯಲ್ಲಿ ಬೆಳಕು ಹರಿಯುವ ಮುಂಚೆ ಬಾಗಿಲಿಗೆ ಬರುವವರು ಇಬ್ಬರೇ. ಒಬ್ಬ ಹಾಲಿನವ, ಇನ್ನೊಬ್ಬ ಹಾಲಕ್ಕಿಯವ. ಹಾಲಿನವ ನೀರು ಬೆರೆಸುತ್ತಾನೆಂದು ಊರಿಗೆಲ್ಲ ಗುಮಾನಿ. ಹಾಲಕ್ಕಿಯವನ ಮೇಲೆ ಯಾರಿಗೂ ಗುಮಾನಿಯಿಲ್ಲ. ಆತ ಡಬಡಬ ಎಂದು ಬುಡಬುಡಿಕೆ ಅಲ್ಲಾಡಿಸುತ್ತ ನಿಂತು, ರಾತ್ರಿ ಹಾಲಕ್ಕಿ ನುಡಿಯಿತು, ಈ ಮನೆಗೆ ಶುಭವಿದೆ, ಉತ್ತರ ದಿಕ್ಕಿನಿಂದ ಕಾಗದ ಬರುತ್ತದೆ, ಒಂದು ಹಳೇ ಕೋಟು ಕೊಡಿ ಎನ್ನುತ್ತಾನೆ. ಹಾಲಕ್ಕಿ ಅಂದರೆ ಮೈಮೇಲೆ ಬಿಳಿ ಚುಕ್ಕೆ ಇರುವ ಗಿಡ್ಡ ಗೂಬೆ. ಹಳೇ ಗೋಡೆಯ ಸಂದಿ, ಹುಣಸೆ ಗಿಡದ ಪೊಟರೆ ಎಲ್ಲಿ ಬೇಕಾದರೂ ಸಂಸಾರ ಹೂಡುತ್ತದೆ. ಗಂಡ ಹೆಂಡತಿ ಸಂಜೆಯಾದರೆ ಕಿರಿಚಾಡುತ್ತವೆ. ಅದರಲ್ಲಿ ನಮ್ಮ ಮನೆಯ ಸುದ್ದಿ ಇರುತ್ತದೆಂಬುದು ಬುಡಬುಡಿಕೆಯವನಿಗೆ ಮಾತ್ರ ಗೊತ್ತು.

“ಯಾವ ಗಿಡದ ಮ್ಯಾಲ ನುಡೀತಪಾ ಅದು?” ಎಂದು ಒಮ್ಮೆ ಕೇಳಿದೆ.

“ಗಿಡದ ಹೆಸರ ಹಕ್ಕಿ ಹೇಳಲಿಲ್ರಿ ಸಾಹೇಬ್ರ. ನಿಮ್ಮ ಹೆಸರ ಅಷ್ಟ ಹೇಳ್ತು.”

ಆ ಉತ್ತರಕ್ಕೆ ಮೆಚ್ಚಿ ಮದುವೆಗೆ ಹೊಲಿಸಿದ್ದ ಕೋಟನ್ನೇ ಕೊಟ್ಟುಬಿಟ್ಟೆ. ಮನೆಯಾಕೆ ಎರಡು ದಿನ ಮಾತು ಬಿಟ್ಟಳು.

ಆದರೆ ನನ್ನ ಲೆಕ್ಕದಲ್ಲಿ ಹಕ್ಕಿಗಳ ಹೆಸರಿನಲ್ಲಿ ಹೇಳುವ ಸುಳ್ಳುಗಳಲ್ಲೆಲ್ಲ ಬುಡಬುಡಿಕೆಯವನದೇ ಸಭ್ಯ ಸುಳ್ಳು. ಅದಕ್ಕೆ ತಾರೀಖಿಲ್ಲ, ಊರಿಲ್ಲ, ಸಹಿಯಿಲ್ಲ. ಅದನ್ನು ನಂಬಿ ಯಾವ ವಿಜ್ಞಾನಿಯೂ ಟಾರ್ಚು ಹಿಡಿದು ಕಾಡು ಹೊಕ್ಕವನಲ್ಲ. ಸುಳ್ಳಿಗೆ ತಾರೀಖು, ಊರು, ಸಹಿ ಮೂರೂ ಬಿದ್ದರೆ ಅದು ದಾಖಲೆಯಾಗುತ್ತದೆ. ದಾಖಲೆಯಾದ ಸುಳ್ಳಿನ ಆಯುಷ್ಯ ಎಷ್ಟೆಂದು ಉತಾರದಲ್ಲಿ ತಪ್ಪು ಬಿದ್ದವರನ್ನು ಕೇಳಬೇಕು. ಹೊಲ ಇವರ ಕಾಲಡಿಯಲ್ಲೇ ಇರುತ್ತದೆ, ಕಾಗದದಲ್ಲಿ ಮಾತ್ರ ಇನ್ನೊಬ್ಬರದು. ಅಜ್ಜ ಓಡಾಡಿ ಸಾಯುತ್ತಾನೆ, ಮಗ ಓಡಾಡಿ ಮುದುಕನಾಗುತ್ತಾನೆ. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಕೋರ್ಟು ಕಂಡ ಹಕ್ಕಿ ಯಾವುದೆಂದರೆ ಹದ್ದು. ಆಕಾಶದಲ್ಲಿ ಹಾರುವುದಲ್ಲ, ಹೊಲದ ಬದುವಿನ ಮೇಲೆ ಕೂತಿರುವುದು.

ಹಕ್ಕಿಗಳಿಗೂ ಉತಾರವಿದೆ ಎಂಬುದು ನನಗೆ ತಡವಾಗಿ ಗೊತ್ತಾಯಿತು. ಹಕ್ಕಿ ನೋಡುವ ಇಂಗ್ಲಿಷರಲ್ಲಿ ಒಂದು ಬೈಗುಳವಿದೆ. ಕಾಣದ್ದನ್ನು ಕಂಡೆನೆಂದು ಬರೆಸುವವನನ್ನು, ಗುಬ್ಬಿಯನ್ನು ಗರುಡವೆಂದು ದಾಖಲಿಸುವವನನ್ನು ಅವರು ‘ಸ್ಟ್ರಿಂಗರ್’ ಅನ್ನುತ್ತಾರೆ. ಇದನ್ನು ಓದಿದ ದಿನ ನಾನು ಕುರ್ಚಿಯಲ್ಲೇ ಸ್ವಲ್ಪ ಸರಿದು ಕೂತೆ. ಯಾಕೆಂದರೆ ನಮ್ಮ ಕಡೆ ಸ್ಟ್ರಿಂಗರ್ ಅಂದರೆ ಪೇಪರಿನ ಹಳ್ಳಿ ವರದಿಗಾರ. ಪಗಾರವಿಲ್ಲ, ಅಚ್ಚಾದ ಸುದ್ದಿಯ ಉದ್ದಳತೆಯ ಮೇಲೆ ದುಡ್ಡು. ನಾನು ಹಲವು ವರ್ಷ ಆ ಕೆಲಸ ಮಾಡಿದವನು. ಎರಡೂ ಅರ್ಥದಲ್ಲಿ ಮಾಡಿದ್ದೇನೆಂದು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ.

ಮಾಯಕ್ಕನ ಜಾತ್ರೆ ಮುಗಿದ ವಾರ. ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದೆಲ್ಲ ಬಂದ ಗಾಡಿಗಳು ಹೋಗಿದ್ದವು. ರಸ್ತೆಯ ಮೇಲೆ ಭಂಡಾರದ ಹಳದಿ ಮಾತ್ರ ಉಳಿದಿತ್ತು, ಬರೆಯಲು ಸುದ್ದಿ ಉಳಿದಿರಲಿಲ್ಲ. ಅಷ್ಟರಲ್ಲಿ ಒಂದು ಪಾಳುಬಿದ್ದ ಗೋದಾಮಿನಲ್ಲಿ ವಿಚಿತ್ರ ಪ್ರಾಣಿ ಸಿಕ್ಕಿದೆಯೆಂದು ಹುಡುಗರು ಓಡಿ ಬಂದರು. ಹೋಗಿ ನೋಡಿದೆ. ಗೋಣಿಚೀಲದ ರಾಶಿಯ ಹಿಂದೆ ಮೂರು ಮರಿಗಳು ಮನುಷ್ಯರಂತೆ ನೆಟ್ಟಗೆ ನಿಂತಿದ್ದವು. ಮುಖ ಬೆಳ್ಳಗೆ, ಎಲೆ ಅಡಿಕೆಯ ಎಲೆ ಕತ್ತರಿಸಿ ಅಂಟಿಸಿದ ಹಾಗೆ. ಮೈಮೇಲೆ ಅರ್ಧ ಪುಕ್ಕ, ಅರ್ಧ ಅರಳೆ. ಹತ್ತಿರ ಹೋದರೆ ಕುಕ್ಕರಿನ ಸೀಟಿ ಹೊಡೆಯುವ ಮುಂಚಿನ ಸದ್ದು. ಕಣಜದ ಗೂಬೆಯ ಮರಿಗಳು ಅವು. ಇಲಿ ತಿಂದು ರೈತನ ಕಾಳು ಉಳಿಸುವ ಬಡಪಾಯಿಗಳು. ಆದರೆ ನೆರೆದ ಜನರಲ್ಲಿ ಒಬ್ಬ ಹಿರಿಯರು ಕೈಮುಗಿದು “ಜಟಾಯು” ಅಂದುಬಿಟ್ಟರು. ಒಂದು ಕಾಯಿ ಒಡೆಯಿತು.

ನಾನು ಪ್ರಾಮಾಣಿಕವಾಗಿಯೇ ಡೆಸ್ಕಿಗೆ ಫೋನು ಹಚ್ಚಿ, “ಗೂಬಿ ಮರಿ ಇದ್ದಂಗ ಅದಾವ್ರಿ” ಅಂದೆ.

“ಗೂಬಿ ಅಂದ್ರ ಎರಡ ಸಾಲು. ಜಟಾಯು ಅಂದ್ರ ಮೂರ ಕಾಲಂ, ಫೋಟೋ ಸಮೇತ. ಯಾವ್ದ ಕಳಸ್ತೀರಿ?”

‘ಜಟಾಯು ಹೋಲುವ ಅಪರೂಪದ ಪಕ್ಷಿ ಪತ್ತೆ: ಜನರಲ್ಲಿ ಕುತೂಹಲ’ ಎಂದು ಮರುದಿನ ಅಚ್ಚಾಯಿತು. ಕುತೂಹಲದ ಜನ ಬಂದರು, ಭಂಡಾರ ತೂರಿದರು, ಹುಡುಗರು ಕಡ್ಡಿಯಿಂದ ತಿವಿದರು. ಗದ್ದಲಕ್ಕೆ ತಾಯಿ ಗೂಬೆ ಮೂರು ರಾತ್ರಿ ಒಳಗೆ ಬರಲಿಲ್ಲ. ಎರಡು ಮರಿ ಸತ್ತವು. ಅದನ್ನು ನಾನು ಬರೆಯಲಿಲ್ಲ. ಅದು ಎರಡು ಸಾಲೂ ಆಗುವಂಥದಲ್ಲ. 2017ರಲ್ಲಿ ವಿಶಾಖಪಟ್ಟಣದ ಒಂದು ಕಟ್ಟಡದಲ್ಲಿ ಇಂಥವೇ ಮರಿಗಳ ವಿಡಿಯೋ ಹೊರಬಿದ್ದು, ಅನ್ಯಗ್ರಹದ ಜೀವಿಗಳೆಂದು ಜಗತ್ತೆಲ್ಲ ಸುತ್ತಿತು. ನಾವು ರಾಮಾಯಣದಲ್ಲೇ ನಿಂತೆವು ಎಂಬುದಷ್ಟೇ ನನಗೆ ಸಮಾಧಾನ.

ಆದರೆ ನನ್ನ ಮೂರು ಕಾಲಂ ಸುಳ್ಳು ಯಾವ ಲೆಕ್ಕ? ಈ ವಿದ್ಯೆಯ ನಿಜವಾದ ದೊರೆ ಬೇರೆ ಇದ್ದ. ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗೆನ್. ಹೆಸರು ಮೀರಜ್ ಪ್ಯಾಸೆಂಜರಿನಷ್ಟು ಉದ್ದ ಇರುವುದರಿಂದ ಕರ್ನಲ್ ಸಾಹೇಬ ಅಂದುಕೊಳ್ಳೋಣ. 1878ರಲ್ಲಿ ಹುಟ್ಟಿದ, 1899ರಲ್ಲಿ ಇಂಗ್ಲಿಷ್ ದಂಡಿನ ಜೊತೆ ಹಿಂದುಸ್ತಾನಕ್ಕೆ ಬಂದ. ಕೀನ್ಯಾದಲ್ಲಿ 1905ರಲ್ಲಿ ಸಂಧಿಯ ಮಾತಿಗೆ ಬಂದ ನಂದಿ ಜನಾಂಗದ ನಾಯಕನನ್ನು ಗುಂಡಿಟ್ಟು ಕೊಂದ. ಮೊದಲ ಮಹಾಯುದ್ಧದಲ್ಲಿ ಗುಪ್ತಚರ ಅಧಿಕಾರಿ. 1917ರಲ್ಲಿ ಪ್ಯಾಲೆಸ್ಟೈನಿನಲ್ಲಿ ಸುಳ್ಳು ಕಾಗದ ತುಂಬಿದ ಚೀಲವೊಂದನ್ನು ತುರ್ಕರ ಕೈಗೆ ಸಿಗುವಂತೆ ಬೀಳಿಸಿ ಯುದ್ಧ ಗೆಲ್ಲಿಸಿದೆನೆಂದು ಜೀವಮಾನವೆಲ್ಲ ಹೇಳಿಕೊಂಡ. ಅದರಲ್ಲಿ ಅವನ ಪಾಲೆಷ್ಟೆಂದು ಈಗಲೂ ಜಗಳವಿದೆ. ಚೀಲದಲ್ಲಿ ಸುಳ್ಳು ತುಂಬುವ ಅಭ್ಯಾಸ ಇತ್ತೆಂಬುದರಲ್ಲಿ ಜಗಳವಿಲ್ಲ.

ಈ ಮಹಾಶಯ ಜಗತ್ತಿನ ದೊಡ್ಡ ಪಕ್ಷಿತಜ್ಞರಲ್ಲಿ ಒಬ್ಬನೆಂದು ಹೆಸರಾದ. ನಮ್ಮ ಸಲೀಂ ಅಲಿ 1937ರಲ್ಲಿ ಇವನ ಜೊತೆ ಅಫ್ಘಾನಿಸ್ತಾನ ಸುತ್ತಿದರು. ಆಮೇಲೆ ಸಾಹೇಬನ ದಿನಚರಿಯಲ್ಲಿ ತಮ್ಮ ಬಗ್ಗೆ, ಹಿಂದುಸ್ತಾನದ ಕಲಿತವರ ಬಗ್ಗೆ ಎಂತೆಂಥ ಮಾತು ಬರೆದಿದ್ದಾನೆಂದು ನೋಡಿ, ಸಿಟ್ಟಾಗದೆ ಅದನ್ನೇ ತಮ್ಮ ಆತ್ಮಕಥೆಯಲ್ಲಿ ಎತ್ತಿ ಹಾಕಿ ನಕ್ಕರು. ಬಯ್ಯಿಸಿಕೊಂಡವರೇ ಬೈಗುಳವನ್ನು ಸರಿಯಾಗಿ ದಾಖಲಿಸಿದ್ದು ಹೀಗೆ. ಬರೆದವನ ದಾಖಲೆಗಳ ಕಥೆ ಮುಂದಿದೆ.

ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಜಗತ್ತಿನ ಹಕ್ಕಿಗಳ ತೊಗಲು ಸುಲಿದು, ಹತ್ತಿ ತುಂಬಿ, ಹೊಲಿದು, ಕಾಲಿಗೊಂದು ಚೀಟಿ ಕಟ್ಟಿ ಇಟ್ಟಿರುತ್ತಿದ್ದರು. ಆ ಚೀಟಿಯೇ ಹಕ್ಕಿಯ ಉತಾರ. ಎಲ್ಲಿ, ಯಾವಾಗ, ಯಾರು ಹೊಡೆದದ್ದು ಎಂದು ಅದರಲ್ಲಿ ಇರುತ್ತದೆ. ಕರ್ನಲ್ ಸಾಹೇಬ ಅಲ್ಲಿಗೆ ಅಭ್ಯಾಸಕ್ಕೆಂದು ಹೋಗಿ ಹಕ್ಕಿಗಳನ್ನು ಎತ್ತಿಕೊಂಡು ಬರುತ್ತಿದ್ದ. ಒಮ್ಮೆ ಸಿಕ್ಕಿಬಿದ್ದು 18 ತಿಂಗಳು ಆ ಕೋಣೆಗೆ ಕಾಲಿಡದಂತೆ ನಿಷೇಧವೂ ಆಯಿತು. ದೊಡ್ಡವರ ಶಿಫಾರಸಿನಿಂದ ಮತ್ತೆ ಬಾಗಿಲು ತೆರೆಯಿತು. ಮನೆಗೆ ತಂದ ಹಕ್ಕಿಯ ಹಳೇ ಚೀಟಿ ಕಿತ್ತು, ಹೊಸ ಊರು, ಹೊಸ ತಾರೀಖು, ತನ್ನ ಹೆಸರು ಬರೆದು ಕಟ್ಟಿದ. 1954ರಲ್ಲಿ ತನ್ನ ಸಂಗ್ರಹದ 20 ಸಾವಿರದಷ್ಟು ಹಕ್ಕಿಗಳನ್ನು ಅದೇ ಮ್ಯೂಸಿಯಮ್ಮಿಗೆ ದಾನ ಮಾಡಿದ. ನಮ್ಮ ಹೊಲದ ಕಬ್ಬು ಕಡಿದುಕೊಂಡು ಹೋಗಿ, ಜಾತ್ರೆಯಲ್ಲಿ ನಮಗೇ ಒಂದು ಗಳ ಕೊಟ್ಟು ಕೈಮುಗಿಸಿಕೊಂಡ ಹಾಗೆ. 1957ರಲ್ಲಿ ಪಕ್ಷಿಶಾಸ್ತ್ರದ ಸೇವೆಗೆಂದು ಸರ್ಕಾರ ಬಿರುದನ್ನೂ ಕೊಟ್ಟಿತು. ಆದರೆ ಅವನ ಹೆಸರು ಹೊತ್ತ ಪ್ರಾಣಿಗಳಲ್ಲಿ ಪ್ರಸಿದ್ಧವಾದದ್ದು ಹಕ್ಕಿಯಲ್ಲ, ಆಫ್ರಿಕದ ದೊಡ್ಡ ಕಾಡುಹಂದಿ. ಕಾಕತಾಳೀಯ ಅನ್ನೋಣ. ಆ ಪದದಲ್ಲೂ ಒಂದು ಹಕ್ಕಿಯಿದೆ.

ಕದ್ದ ಹಕ್ಕಿಗಳಲ್ಲಿ ಒಂದು ನಮ್ಮ ಹಾಲಕ್ಕಿಯ ದಾಯಾದಿ. ಕಾಡುಗೂಬೆಯ ಆ ಸಣ್ಣ ಜಾತಿಯನ್ನು 1873ರಲ್ಲಿ ಮೊದಲು ವಿವರಿಸಿದವರು ಎ. ಓ. ಹ್ಯೂಮ್. ಹೌದು, ಕಾಂಗ್ರೆಸ್ ಹುಟ್ಟುಹಾಕಿದ ಅವರೇ. ಇಡೀ ಜಗತ್ತಿನಲ್ಲಿ ಅದರ ತೊಗಲುಗಳಿದ್ದದ್ದು ಏಳು. ಅವುಗಳಲ್ಲಿ ಹೆಚ್ಚಿನವನ್ನು 1880ರ ದಶಕದ ಮೊದಲ ವರ್ಷಗಳಲ್ಲಿ ಖಾನದೇಶದಲ್ಲಿ ಸಂಗ್ರಹಿಸಿದಾತ ಜೇಮ್ಸ್ ಡೇವಿಡ್ಸನ್ ಎಂಬ ಸಿವಿಲ್ ಅಧಿಕಾರಿ. 1884ರ ನಂತರ ಆ ಗೂಬೆ ಯಾರ ಕೈಗೂ ಸಿಕ್ಕಿಲ್ಲ. ಈ ಡೇವಿಡ್ಸನ್ ನಮಗೆ ಪರಕೀಯನಲ್ಲ. ಬೆಳಗಾವಿ, ಕಾರವಾರ, ಖಾನದೇಶ ಎಲ್ಲ ಆಗ ಒಂದೇ ಮುಂಬೈ ಪ್ರಾಂತ. ಆತ ಮುಂದೆ ಕಾರವಾರದಲ್ಲಿ ಕಲೆಕ್ಟರಾಗಿ ಕೂತು, ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ 1898ರಲ್ಲಿ ಬರೆದ, ಬೆಲ್ ಮತ್ತು ಏಟ್ಕೆನ್ ಜೊತೆ ಸೇರಿ ಅಲ್ಲಿನ ಚಿಟ್ಟೆಗಳ ಬಗ್ಗೆಯೂ ಬರೆದ. ಕಲೆಕ್ಟರ್ ಅಂದರೆ ಕಂದಾಯ ವಸೂಲಿ ಮಾಡುವವ. ತಾನು ಗೂಬೆಗೆ ಕಟ್ಟಿದ ಚೀಟಿಯನ್ನೂ ಉತಾರ ಬರೆದಷ್ಟೇ ನಿಗಾದಿಂದ ಬರೆದಿದ್ದ.

ಕರ್ನಲ್ ಅದನ್ನೇ ಕಿತ್ತ. ‘ಮಾಂಡವಿ, ತಾಪಿ ನದಿ, ಅಕ್ಟೋಬರ್ 1914’ ಎಂದು ಬರೆದ. ಗುಜರಾತಿನ ಮಾಂಡವಿ. ಅಲ್ಲಿಗೆ ಇಪ್ಪತ್ತನೇ ಶತಮಾನದಲ್ಲಿ ಆ ಗೂಬೆಯನ್ನು ಕಂಡ ಏಕೈಕ ಮನುಷ್ಯ ಅವನೇ ಆದ. ನಮ್ಮ ಮಂದಿ ಮಾಡದ ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟುವುದಕ್ಕೆ ‘ಗೂಬಿ ಕೂಡಿಸೂದು’ ಅಂತಾರೆ. ಗಾದೆಯ ಗೂಬೆಗೆ ರೆಕ್ಕೆ ಪುಕ್ಕ ಇರುವುದಿಲ್ಲ. ಪುಕ್ಕ, ಕೊಕ್ಕು, ಉಗುರು ಸಮೇತ ನಿಜವಾದ ಗೂಬೆಯನ್ನೇ ಒಂದು ಊರಿನ ಮೇಲೆ ಕೂರಿಸಿದ ಕೀರ್ತಿ ಕರ್ನಲ್ ಸಾಹೇಬನದು.

ಮುಂದೆ ಆದದ್ದು ಉತಾರದ ಕಥೆಯೇ. ಗೂಬೆ ಬದುಕಿದೆಯೇ ಎಂದು ಹುಡುಕಲು ಹೊರಟವರೆಲ್ಲ ಕೊನೆಯ ದಾಖಲೆ ಎಲ್ಲಿಯದೆಂದು ನೋಡುತ್ತಾರೆ. ಸಲೀಂ ಅಲಿ, ಅಮೆರಿಕದ ರಿಪ್ಲೆಯಂಥವರು ಹುಡುಕಿದರೂ ಸಿಗಲಿಲ್ಲ. ಬಹುಶಃ ನಶಿಸಿಹೋಯಿತು ಎಂಬ ಮಾತು ಬಲವಾಯಿತು. 1990ರ ದಶಕದಲ್ಲಿ ಪ್ಯಾಮೆಲಾ ರಾಸ್ಮುಸೆನ್ ಎಂಬ ವಿದುಷಿ ದಕ್ಷಿಣ ಏಷ್ಯಾದ ಹಕ್ಕಿಗಳ ಪುಸ್ತಕಕ್ಕೆಂದು ಮ್ಯೂಸಿಯಮ್ಮಿನ ಹಕ್ಕಿಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದರು. ಅಷ್ಟರಲ್ಲಿ 1993ರಲ್ಲಿ ಅಲನ್ ನಾಕ್ಸ್ ಎಂಬಾತ ಕರ್ನಲನ ಬೇರೆ ಕೆಲವು ಹಕ್ಕಿಗಳ ಕಳ್ಳತನವನ್ನು ಬಯಲಿಗೆಳೆದಿದ್ದ. ರಾಸ್ಮುಸೆನ್ ಕರ್ನಲನ ಗೂಬೆಯನ್ನೂ ಡೇವಿಡ್ಸನ್ನನ ಗೂಬೆಗಳನ್ನೂ ಪಕ್ಕಪಕ್ಕ ಇಟ್ಟು, ಎಕ್ಸ್‌ರೇ ಹಿಡಿದು, ಒಳಗೆ ಹತ್ತಿ ತುಂಬಿದ ರೀತಿಯನ್ನು ನೋಡಿದರು. ಕಳ್ಳ ಅದನ್ನು ಬಿಚ್ಚಿ ಮತ್ತೆ ತುಂಬಿದ್ದ. ಆದರೂ ಹಳೆಯ ಕೈಗುರುತು ಒಳಗೆ ಉಳಿದಿತ್ತು.

ಇದು ಅಥಣಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಪ್ಪಲಿ ಹೊಲಿಯುವ ಹಿರಿಯರ ಮುಂದೆ ಯಾವುದೇ ಜೋಡು ಇಡಿ, ಅಟ್ಟೆಯ ಅಂಚು ತಿರುಗಿಸಿ ನೋಡಿ, ಇದು ಇಂಥ ಓಣಿಯ ಹೊಲಿಗೆ ಅಂತಾರೆ. ಚೀಟಿಯ ಮೇಲೆ ಕೊಲ್ಹಾಪುರ ಅಂತ ಇರುತ್ತದೆ, ಇರಲಿ, ಅದು ತಲೆಮಾರಿನಿಂದ ನಡೆದದ್ದು. 2025ರ ಜೂನಿನಲ್ಲಿ ಮಿಲಾನಿನ ಪ್ರಾಡಾ ಕಂಪನಿ ಆ ಥರದ ಚಪ್ಪಲಿಯನ್ನೇ ಬರೀ ಚರ್ಮದ ಸ್ಯಾಂಡಲ್ ಎಂದು ಮೆರವಣಿಗೆ ಮಾಡಿಸಿದಾಗಲೂ ಹೊಲಿಗೆ ಬಾಯಿಬಿಟ್ಟಿತು. ಚೀಟಿ ಎಷ್ಟು ಸಲ ಬದಲಾದರೂ ದಾರ ಬದಲಾಗುವುದಿಲ್ಲ.

ರಾಸ್ಮುಸೆನ್ ಮಾಂಡವಿಯನ್ನು ಪಟ್ಟಿಯಿಂದ ಹೊಡೆದುಹಾಕಿದರು. ಉಳಿದದ್ದು ಹಳೆಯ ಪ್ರಾಮಾಣಿಕ ಚೀಟಿಗಳ ಊರುಗಳು. ಬೆನ್ ಕಿಂಗ್, ಡೇವಿಡ್ ಅಬ್ಬಟ್ ಎಂಬಿಬ್ಬರ ಜೊತೆ ಆ ಊರುಗಳನ್ನೇ ಹಿಡಿದು ಹೊರಟರು. 1997ರ ನವೆಂಬರ್ 25ರ ಬೆಳಿಗ್ಗೆ, ಈಗಿನ ನಂದುರಬಾರ ಜಿಲ್ಲೆಯ ಶಹಾದೆಯ ಬಳಿ, ಸಾತ್ಪುಡದ ತಪ್ಪಲಲ್ಲಿ, ಎಲೆ ಉದುರಿದ ಬೋಳು ಗಿಡದ ಮೇಲೆ ಗೂಬೆ ಹಾಡಹಗಲೇ ಬಿಸಿಲು ಕಾಯಿಸುತ್ತ ಕೂತಿತ್ತು. 113 ವರ್ಷ ಅದು ಎಲ್ಲಿಯೂ ಅಡಗಿರಲಿಲ್ಲ. ಅದು ಹಗಲಿನಲ್ಲೇ ಓಡಾಡುವ ಗೂಬೆ. ನಾವೇ ಒಬ್ಬ ಕಳ್ಳನ ಚೀಟಿ ಹಿಡಿದುಕೊಂಡು ಬೇರೆ ಊರಿನ ಬಾಗಿಲು ತಟ್ಟುತ್ತಿದ್ದೆವು.

ಇನ್ನೂ ಒಂದು ಫಜೀತಿಯಿದೆ. ಕರ್ನಲನ 20 ಸಾವಿರದಲ್ಲಿ ಎಲ್ಲವೂ ಕದ್ದವಲ್ಲ. ಎಷ್ಟೋ ಹಕ್ಕಿಗಳನ್ನು ಅವನೇ ನಿಜವಾಗಿ ಸಂಗ್ರಹಿಸಿದ್ದ. ಯಾವುದು ಯಾವುದೆಂದು ತಿಳಿಯುವುದು ಹೇಗೆ? ನಮ್ಮ ಹಾಲಿನವನ ಕ್ಯಾನಿನ ಸ್ಥಿತಿಯೇ ಅದಕ್ಕೂ. ಹಾಲು ನೀರು ಬೇರ್ಪಡಿಸುವ ಹಂಸವಿದೆಯೆಂದು ನಮ್ಮ ಕವಿಗಳು ಬರೆದಿದ್ದಾರಲ್ಲ ಎನ್ನಬಹುದು. ಅದೇ ಮೊದಲ ಸುಳ್ಳು ದಾಖಲೆ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ಹೀರಿ ನೀರು ಬಿಡುತ್ತದೆ ಎಂದು ಬರೆದವರೂ ಸ್ಟ್ರಿಂಗರುಗಳೇ. ಅವರಿಗೆ ಕಾಲಂ ಲೆಕ್ಕವಿರಲಿಲ್ಲ, ಅಕ್ಷರ ಲಕ್ಷವಿತ್ತು.

ಇಂಗ್ಲೆಂಡಿಗೆ ಇದು ಮೊದಲ ಅನುಭವವೇನಲ್ಲ. 1892ರಿಂದ 1930ರವರೆಗೆ ಹೇಸ್ಟಿಂಗ್ಸ್ ಎಂಬ ಕಡಲೂರಿನ ಸುತ್ತ ಅಪರೂಪದ ಹಕ್ಕಿಗಳು ಜಾತ್ರೆಗೆ ಬಂದ ಹಾಗೆ ಬಂದವು. ಬಂದವೆಲ್ಲ ಸತ್ತೇ ಬಂದವು, ಸತ್ತವೆಲ್ಲ ಜಾರ್ಜ್ ಬ್ರಿಸ್ಟೋ ಎಂಬ ಹಕ್ಕಿ ತೊಗಲು ತುಂಬುವವನ ಅಂಗಡಿಗೇ ಬಂದವು. ದೂರದೇಶದಿಂದ ಹಡಗಿನಲ್ಲಿ ಮಂಜುಗಡ್ಡೆಯಲ್ಲಿಟ್ಟು ತರಿಸಿರಬೇಕೆಂಬ ಗುಮಾನಿ ಹುಟ್ಟಿತು. ಕೊನೆಗೆ 1962ರಲ್ಲಿ ಅಂಕಿಸಂಖ್ಯೆ ಹಾಕಿ ನೋಡಿ 29 ಬಗೆಯ ಹಕ್ಕಿಗಳನ್ನು ಬ್ರಿಟನ್ನಿನ ಪಟ್ಟಿಯಿಂದ ತೆಗೆದರು. ಆಸ್ಟ್ರೇಲಿಯದ್ದು ಇನ್ನೂ ಸೊಗಸು. ಜಾನ್ ಯಂಗ್ ಎಂಬಾತ 2013ರಲ್ಲಿ, ಯಾರ ಕಣ್ಣಿಗೂ ಸುಲಭಕ್ಕೆ ಬೀಳದ ರಾತ್ರಿಗಿಳಿಯ ಫೋಟೋ ನಿಜವಾಗಿಯೇ ತೆಗೆದು ಜಗತ್ತಿನಿಂದ ಭೇಷ್ ಅನ್ನಿಸಿಕೊಂಡ. ಒಮ್ಮೆ ಭೇಷ್ ಅನ್ನಿಸಿಕೊಂಡವನಿಗೆ ಎರಡನೆಯದು ಬೇಕಾಗುತ್ತದೆ. ಅವನು ಆಮೇಲೆ ಕೊಟ್ಟ ಗೂಡು, ಗರಿ, ಕೂಗುಗಳನ್ನು ತಜ್ಞರು ನೋಡಿ, ಗೂಡಿನ ಮೊಟ್ಟೆಗಳು ನಿಜವಾದ ಮೊಟ್ಟೆಗಳೇ ಎಂಬ ಬಗ್ಗೆಯೇ ಅನುಮಾನ ಪಟ್ಟರು. 2019ರಲ್ಲಿ ಅವನು ಕೆಲಸಕ್ಕಿದ್ದ ಸಂಸ್ಥೆಯೇ ಆ ದಾಖಲೆಗಳನ್ನು ಹಿಂದಕ್ಕೆ ಪಡೆಯಿತು.

ಇದಕ್ಕೆ ತದ್ವಿರುದ್ಧದ ಕಥೆ ಕಡಪಾ ಜಿಲ್ಲೆಯದು. ಜರ್ಡನ್ನನ ಕೋರ್ಸರ್ ಎಂಬ ಹಕ್ಕಿ ನಶಿಸಿತೆಂದು ಪುಸ್ತಕಗಳೆಲ್ಲ ಷರಾ ಬರೆದಿದ್ದವು. 1986ರಲ್ಲಿ ರೆಡ್ಡಿಪಲ್ಲಿಯ ಬಳಿ ಐತಣ್ಣ ಎಂಬ ಹಕ್ಕಿ ಹಿಡಿಯುವಾತ ರಾತ್ರಿ ಬ್ಯಾಟರಿ ಬೆಳಕಲ್ಲಿ ಅದನ್ನು ಹಿಡಿದೇ ಬಿಟ್ಟ. ಅಲ್ಲಿನ ಜನಕ್ಕೆ ಅದು ಪರಿಚಯದ ಹಕ್ಕಿ, ಅದಕ್ಕೊಂದು ತೆಲುಗು ಹೆಸರೂ ಇತ್ತು. ಆ ಜನರ ಕಣ್ಣಿಗೆ ದಾಖಲೆಯ ಬೆಲೆ ಬರಲು ಜೀವಂತ ಹಕ್ಕಿಯನ್ನೇ ಕೈಗಿಡಬೇಕಾಯಿತು. ಕರ್ನಲನಿಗೆ ಒಂದು ಚೀಟಿ ಸಾಕಾಗಿತ್ತು.

ಈಗ ತೊಗಲು ಸುಲಿಯುವ ಕಾಲ ಹೋಗಿದೆ, ಲೆನ್ಸಿನ ಕಾಲ. ಕಳೆದ ಚಳಿಗಾಲದಲ್ಲಿ ದೊಡ್ಡ ಊರಿನಿಂದ ಮೂವರು ತೋಪಿನ ನಳಿಗೆಯಂಥ ಲೆನ್ಸು ಹೊತ್ತು ನಮ್ಮ ದಾಯಾದಿಗಳ ಹೊಲದ ಕಾಲುವೆಗೆ ಬಂದಿದ್ದರು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರು ತುಂಬಿ ಸಣ್ಣ ಮೀನು ಬಿಟ್ಟರು. ನನ್ನ ಅಳಿಯನಿಗೆ ಇನ್ನೂರು ರೂಪಾಯಿ ಕೊಟ್ಟು, ಬುಟ್ಟಿಯ ಮೇಲೆ ಒಂದು ಕಟಗಿ ನೆಡಿಸಿದರು. ಹುಡುಗ ಅದು ಅಲ್ಲಾಡದಿರಲೆಂದು ತನ್ನ ಗಾಳಿಪಟದ ಕೆಂಪು ದಾರದಿಂದ ಬಿಗಿದ. ಮಿಂಚುಳ್ಳಿ ಬಂತು, ಕೂತಿತು, ಧುಮುಕಿತು, ಮತ್ತೆ ಕೂತಿತು. ಬಡ ಹಕ್ಕಿಗೆ ಇಷ್ಟು ಸಲೀಸಾದ ಊಟ ಯಾವತ್ತೂ ಸಿಕ್ಕಿರಲಿಲ್ಲ. ತಿಂಗಳಾದ ಮೇಲೆ ಆ ಫೋಟೋ ಯಾರದೋ ವಾಟ್ಸಾಪಿನಿಂದ ನಮಗೂ ಬಂತು. ‘ದಾಂಡೇಲಿಯ ದಟ್ಟಡವಿ, ಆರು ದಿನದ ತಪಸ್ಸಿನ ಫಲ’ ಎಂದಿತ್ತು.

ಅಳಿಯ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದ. “ಮಾವಾ, ಇದು ನಮ್ಮ ಕಟಗಿ! ನನ್ನ ದಾರಾ ನೋಡ ಇಲ್ಲಿ!”

ರಾಸ್ಮುಸೆನ್ನರಿಗೆ ಎಕ್ಸ್‌ರೇ ಬೇಕಾಗಿತ್ತು. ನಮ್ಮ ಹುಡುಗನಿಗೆ ಎರಡು ಬೆರಳು ಸಾಕಾದವು. ಚಿಂಚಲಿಯ ಮಿಂಚುಳ್ಳಿಗೆ ದಾಂಡೇಲಿಯ ಉತಾರ ಯಾಕೆ ಬೇಕಾಯಿತೋ ತಿಳಿಯದು. ಕಬ್ಬಿನ ಹೊಲದ ಹಕ್ಕಿಗೆ ಮರ್ಯಾದೆ ಕಡಿಮೆ ಇರಬೇಕು.

ಇಂಥವರ ಜಾತಿಯಲ್ಲಿ ಇನ್ನೊಂದು ಪಂಗಡ ಪಟ್ಟಿಯವರದು. ಇವರಿಗೆ ಹಕ್ಕಿ ಬೇಡ, ಎಣಿಕೆ ಬೇಕು. ಮುನ್ನೂರಾಯಿತು, ಮುನ್ನೂರಹತ್ತಾಯಿತು ಎಂದು ಯುಗಾದಿಯ ಜಮಾಖರ್ಚಿನಂತೆ ಹೇಳುತ್ತಾರೆ. ಧೂಪದಾಳದ ಹಿನ್ನೀರಿಗೆ, ಅಂದರೆ ಘಟಪ್ರಭಾ ಪಕ್ಷಿಧಾಮಕ್ಕೆ, ಚಳಿಗಾಲಕ್ಕೆ ಕೊಕ್ಕರೆ ಕ್ರೌಂಚಗಳು ಬರುತ್ತವೆ. ಕಾರಿನಿಂದ ಇಳಿಯದೆ, ದೂರದ ಮಸುಕು ಗೆರೆ ನೋಡಿ, ಅದರೊಳಗೆ ಮೂರು ಅಪರೂಪದವೂ ಇದ್ದವೆಂದು ಬರೆದುಕೊಂಡು, ದಾರಿಯಲ್ಲಿ ಗೋಕಾಕ ಕರದಂಟು ಕಟ್ಟಿಸಿಕೊಂಡು ಹೋದವರನ್ನು ನಾನು ಬಲ್ಲೆ. ಕರದಂಟು ಮಾತ್ರ ಅಸಲಿ.

ಈ-ಬರ್ಡ್ ಎಂಬ ಲೆಕ್ಕದ ಪುಸ್ತಕ ಮೊಬೈಲಿನಲ್ಲೇ ಇರುತ್ತದೆ. ಕಂಡದ್ದನ್ನು ಒತ್ತಿದರೆ ದಾಖಲು. ಅಸಂಭವವಾದದ್ದನ್ನು ಒತ್ತಿದರೆ ಆ ಭಾಗದ ಹಕ್ಕಿ ಬಲ್ಲ ಸ್ವಯಂಸೇವಕರೊಬ್ಬರು ವಿನಯದಿಂದ ಬರೆದು ಕೇಳುತ್ತಾರೆ: ಫೋಟೋ ಇದೆಯೇ, ಹೇಗೆ ಗುರುತಿಸಿದಿರಿ? ರೊಕ್ಕ ಕೇಳದೆ ಬರೀ ಪುರಾವೆ ಕೇಳುವ ವ್ಯವಸ್ಥೆಯನ್ನು ನಾನು ಈ ಆಯುಷ್ಯದಲ್ಲಿ ಕಂಡದ್ದು ಇದೊಂದೇ. ಅದಕ್ಕೇ ಜನಕ್ಕೆ ಅಷ್ಟು ಸಿಟ್ಟು. ರೊಕ್ಕ ಕೇಳಿದ್ದರೆ ಕೊಟ್ಟು ಮುಗಿಸುತ್ತಿದ್ದರು. “ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?” ಎಂದು ಹರಿಹಾಯುತ್ತಾರೆ. ಎರಡು ಡಾಕ್ಟರೇಟು, ನಾಲ್ಕು ಲಕ್ಷದ ಕ್ಯಾಮೆರಾ ಇದ್ದ ಮೇಲೆ ಹಕ್ಕಿಯೂ ಇರಲೇಬೇಕಲ್ಲವೇ?

ಬಿಡಿ, ಒಂದು ಹಕ್ಕಿ ಹೆಚ್ಚು ಬರೆದರೆ ಯಾರ ಗಂಟು ಹೋಯಿತು ಎನ್ನುವವರಿದ್ದಾರೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತದ್ದು 30 ಸಾವಿರ ಜನ ಬರೆದ 3 ಕೋಟಿ ದಾಖಲೆಗಳ ಮೇಲೆ. 942 ಜಾತಿಗಳ ಜಾತಕ ಅದರಿಂದ ಬಂತು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ, ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಎಂದು ಅದು ಹೇಳಿತು. ತಂತಿಯ ಮೇಲೆ ದಿನಾ ಕೂರುತ್ತಿದ್ದ ಹಕ್ಕಿ ಅದು, ಎಲ್ಲೋ ಇರುತ್ತದೆ ಬಿಡು ಎಂದು ಕಾಣದೆಯೂ ಒತ್ತಿಬಿಡುವ ಹಕ್ಕಿ. ಅಪರೂಪದ ಹಕ್ಕಿಯ ಸುಳ್ಳನ್ನು ಯಾರಾದರೂ ಹಿಡಿಯುತ್ತಾರೆ. ದಿನಬಳಕೆಯ ಹಕ್ಕಿಯ ಸುಳ್ಳನ್ನು ಯಾರೂ ಕೇಳುವುದೇ ಇಲ್ಲ. ಕಬ್ಬಿನ ಕಾಟಾದಲ್ಲಿ ರೈತ ಹೆದರುವುದೂ ದೊಡ್ಡ ಮೋಸಕ್ಕಲ್ಲ. ಪ್ರತಿ ಗಾಡಿಗೆ ಇಷ್ಟಿಷ್ಟೇ ಹೋಗುವುದಕ್ಕೆ.

ಇನ್ನೊಂದು ತಮಾಷೆ. 2024ರ ನವೆಂಬರಿನಲ್ಲಿ ಡೇವಿಡ್ಸನ್ನನ ಕಾರವಾರದಲ್ಲೇ ಬೆನ್ನಿಗೆ ಯಂತ್ರ ಕಟ್ಟಿಕೊಂಡ ರಣಹದ್ದೊಂದು ಕಾಣಿಸಿತು. ನೌಕಾನೆಲೆ ಹತ್ತಿರ, ಕೈಗಾ ಹತ್ತಿರ. ಗೂಢಚಾರ ಹಕ್ಕಿಯಿರಬೇಕೆಂದು ಗುಲ್ಲೆದ್ದಿತು. ವಿಚಾರಿಸಿದರೆ ಮಹಾರಾಷ್ಟ್ರದ ತಾಡೋಬಾ ಕಡೆಯಿಂದ ಸಂಶೋಧನೆಗೆಂದು ಯಂತ್ರ ಕಟ್ಟಿ ಬಿಟ್ಟ ಹಕ್ಕಿ. ತಾನು ಎಲ್ಲೆಲ್ಲಿ ಹಾರಿದೆ, ಯಾವಾಗ ಹಾರಿದೆ ಎಂದು ಗಳಿಗೆ ಗಳಿಗೆಗೆ ಸತ್ಯವನ್ನೇ ಬರೆಸುತ್ತ ಬಂದ ಏಕೈಕ ಪ್ರಾಣಿ ಅದು. ಅದರ ಮೇಲೆ ಪೊಲೀಸರ ಕಣ್ಣು. ಗೂಢಚಾರ ಇಲಾಖೆಯ ನಿಜವಾದ ಕರ್ನಲ್ ಮಾತ್ರ ಕೈಚೀಲ ಹಿಡಿದು ಮ್ಯೂಸಿಯಮ್ಮಿನ ಮುಂಬಾಗಿಲಿನಿಂದ ಹೋಗಿ ಬರುತ್ತಿದ್ದ, ಕಾವಲಿನವರು ಸಲಾಮು ಹೊಡೆಯುತ್ತಿದ್ದಿರಬೇಕು.

ಇಷ್ಟೆಲ್ಲ ಓದಿದ ಮೇಲೆ ನಾನೂ ಒಂದು ಪ್ರಾಮಾಣಿಕ ದಾಖಲೆ ಮಾಡೋಣವೆಂದು ಹೊರಟೆ. ಸಂಜೆ ಅಳಿಯನನ್ನು ಕರೆದುಕೊಂಡು ರೈಲ್ವೆ ಸ್ಟೇಷನ್ನಿನ ಹಿಂದಿನ ಬೇವಿನ ಗಿಡದ ಕಡೆ ಹೋದೆ. ಮೀರಜ್ ಕಡೆಯ ಗಾಡಿ ಹೋದ ಮೇಲೆ ಗಲಾಟೆ ಇಳಿಯಿತು. ಗಿಡದೊಳಗಿಂದ ಚಿರ್ರ್ ಚಿವಕ್ ಎಂದು ಜಗಳ ಸುರುವಾಯಿತು. ಹುಡುಗ ಫೋನು ಹಿಡಿದು ನಿಂತಿದ್ದ.

“ಮಾವಾ, ಅದs ಶಹಾದೆ ಗೂಬಿ ಅಂತ ಬರೀಲೇನು? ಕರ್ನಾಟಕದಾಗ ಮೊದಲನೇದ್ದು ಆಕ್ಕೈತಿ.”

ನಾನು ತಕ್ಷಣ ಬೇಡ ಅನ್ನಲಿಲ್ಲ. ಎರಡು ಸಾಲೋ ಮೂರು ಕಾಲಮ್ಮೋ ಎಂಬ ಹಳೇ ಧ್ವನಿ ಕಿವಿಯಲ್ಲಿ ಒಮ್ಮೆ ಬಂದು ಹೋಯಿತು. ಆಮೇಲೆ, “ಹಾಲಕ್ಕಿ, ಎರಡು. ಕೇಳಿದ್ದು, ನೋಡಿಲ್ಲ. ಹಂಗs ಬರಿ,” ಅಂದೆ. ಬರೆದ. ಯಾರೂ ಪ್ರಶ್ನೆ ಕೇಳಲಿಲ್ಲ.

ಮರುದಿನ ನಸುಕಿನಲ್ಲಿ ಬುಡಬುಡಿಕೆ ಸದ್ದಾಯಿತು. ನನ್ನದೇ ಕೋಟು ಹಾಕಿಕೊಂಡು ನಿಂತಿದ್ದ, ನನಗಿಂತ ಅವನಿಗೇ ಒಪ್ಪುತ್ತಿತ್ತು. ಕೇಳಿಯೇ ಬಿಟ್ಟೆ, ನಿನ್ನೆ ರಾತ್ರಿ ಹಾಲಕ್ಕಿ ಎಲ್ಲಿ ನುಡಿಯಿತು?

“ಸ್ಟೇಷನ್ ಹಿಂದಿನ ಬೇವಿನ ಗಿಡದಾಗ್ರಿ. ಎರಡ ಇದ್ವು. ಗಂಡ ಹೆಂಡ್ತಿ.”

ನಾನು ದಂಗಾಗಿ ನಿಂತಿರುವಾಗಲೇ ಆತ ಕೋಟಿನ ಒಳಕಿಸೆಗೆ ಕೈಹಾಕಿ, ನಾಲ್ಕು ಮಡಿಕೆಯ ಹಳದಿಗಟ್ಟಿದ ಪೇಪರ್ ತುಂಡೊಂದನ್ನು ತೆಗೆದು, ಮಡಿಕೆ ಹರಿಯದ ಹಾಗೆ ಬಿಡಿಸಿ ಮುಂದೆ ಹಿಡಿದ. ಮೂರು ಕಾಲಂ. ಮೂರು ಬಿಳಿ ಮುಖ. ಕೆಳಗೆ ‘ನಮ್ಮ ಪ್ರತಿನಿಧಿಯಿಂದ’.

“ಕಿಸೇದಾಗ ಇತ್ರಿ ಸಾಹೇಬ್ರ. ಬರದವ್ರು ನೀವs ಏನ್ರಿ?”

ಹೆಸರು ಹಾಕಿರಲಿಲ್ಲವಲ್ಲ. ನಾನಲ್ಲ ಎಂದೆ.